ಪುಟ ರೀಲೋಡ್ ಆಗದೆ ವಿಳಾಸ ಬದಲಾಗುವುದು ಹೇಗೆ? ಕ್ಲೈಂಟ್-ಸೈಡ್ ರೂಟಿಂಗ್ ಬಗ್ಗೆ ಇಲ್ಲಿದೆ ಮಾಹಿತಿ

ವೆಬ್‌ಸೈಟಿನಲ್ಲಿ ಒಂದು ಲಿಂಕ್ ಒತ್ತುತ್ತೀರಿ. ಪರದೆ ಬಿಳಿಯಾಗುವುದಿಲ್ಲ, ಮೇಲಿನ ಮೆನು ಕದಲುವುದಿಲ್ಲ. ನಡುವಿನ ಭಾಗ ಮಾತ್ರ ಬದಲಾಗುತ್ತದೆ, ಜೊತೆಗೆ ಅಡ್ರೆಸ್ ಬಾರ್‌ನ ವಿಳಾಸವೂ ಬದಲಾಗುತ್ತದೆ. ಹೀಗೆ ಸರ್ವರ್‌ನಿಂದ ಇಡೀ ಪುಟವನ್ನು ಮತ್ತೆ ತರಿಸದೆ, ಬ್ರೌಸರ್‌ನೊಳಗೇ ಒಂದು ಪುಟದಿಂದ ಇನ್ನೊಂದಕ್ಕೆ ಸಾಗುವ ವ್ಯವಸ್ಥೆಯೇ ಕ್ಲೈಂಟ್-ಸೈಡ್ ರೂಟಿಂಗ್. ರಿಯಾಕ್ಟ್, ಆಂಗ್ಯುಲರ್, ವ್ಯೂ ಬಳಸಿ ವೆಬ್ ಆಪ್ ಕಟ್ಟುವವರು ಮೊದಲಿಗೇ ಕಲಿಯಬೇಕಾದ ವಿಷಯಗಳಲ್ಲಿ ಇದೂ ಒಂದು.

ಕೆಲಸ ಮಾಡುವುದು ಹೇಗೆ?

ಅಹಮದಾಬಾದ್, ವಡೋದರಾ ಮತ್ತು ಸೂರತ್ ನಿಲ್ದಾಣಗಳ ರೈಲು ವೇಳಾಪಟ್ಟಿ ತೋರಿಸುವ ಒಂದು ವೆಬ್ ಆಪ್ ಇದೆ ಎಂದುಕೊಳ್ಳಿ. ಹಳೆಯ ಪದ್ಧತಿಯಲ್ಲಿ ಒಂದೊಂದು ನಿಲ್ದಾಣದ ಹೆಸರು ಒತ್ತಿದಾಗಲೂ ಸರ್ವರ್ ಹೊಸ ಎಚ್‌ಟಿಎಂಎಲ್ ಪುಟವನ್ನೇ ಕಳುಹಿಸುತ್ತದೆ. ಬ್ರೌಸರ್ ಹಳೆಯದನ್ನು ಅಳಿಸಿ ಎಲ್ಲವನ್ನೂ ಮೊದಲಿನಿಂದ ಕಟ್ಟುತ್ತದೆ.

ಹೊಸ ಪದ್ಧತಿಯಲ್ಲಿ ಮೆನು, ತಲೆಬರಹ ಮುಂತಾದ ಹೊರಚೌಕಟ್ಟು ಒಮ್ಮೆ ಮಾತ್ರ ಬರುತ್ತದೆ. ಆಮೇಲೆ 'ಸೂರತ್' ಎಂದು ಒತ್ತಿದರೆ ನಡೆಯುವುದು ಇಷ್ಟು:

1. ರೂಟರ್ ಎಂಬ ಜಾವಾಸ್ಕ್ರಿಪ್ಟ್ ಭಾಗವು ಆ ಕ್ಲಿಕ್ಕನ್ನು ತಡೆದು, ಪುಟ ರೀಲೋಡ್ ಆಗದಂತೆ ನೋಡಿಕೊಳ್ಳುತ್ತದೆ.
2. ವಿಳಾಸವನ್ನು ತನ್ನಲ್ಲಿರುವ ರೂಟ್‌ಗಳ ಪಟ್ಟಿಯೊಂದಿಗೆ ಹೋಲಿಸಿ, ಯಾವ ವ್ಯೂ ತೋರಿಸಬೇಕೆಂದು ತೀರ್ಮಾನಿಸುತ್ತದೆ.
3. ಆ ವ್ಯೂಗೆ ಬೇಕಾದ ಕೋಡ್ ಇನ್ನೂ ಬಂದಿಲ್ಲದಿದ್ದರೆ ಅದನ್ನಷ್ಟೇ ತರಿಸುತ್ತದೆ. ಇದಕ್ಕೆ ಲೇಜಿ ಲೋಡಿಂಗ್ ಎನ್ನುತ್ತಾರೆ.
4. ಸರ್ವರ್‌ನಿಂದ ಸೂರತ್‌ನ ವೇಳಾಪಟ್ಟಿಯ ದತ್ತಾಂಶವನ್ನು, ಸಾಮಾನ್ಯವಾಗಿ ಜೇಸನ್ ರೂಪದಲ್ಲಿ, ಪಡೆಯುತ್ತದೆ.
5. ನಡುವಿನ ಜಾಗದಲ್ಲಿ ಹೊಸ ವ್ಯೂ ತುಂಬಿ, ಅಡ್ರೆಸ್ ಬಾರ್‌ನ ವಿಳಾಸವನ್ನೂ ಬದಲಿಸುತ್ತದೆ.

ಹ್ಯಾಶ್‌ನಿಂದ ಹಿಸ್ಟರಿ ಎಪಿಐವರೆಗೆ

ಆರಂಭದ ದಿನಗಳಲ್ಲಿ ಪುಟ ರೀಲೋಡ್ ಆಗದಂತೆ ವಿಳಾಸ ಬದಲಿಸಲು ಇದ್ದ ದಾರಿ ಹ್ಯಾಶ್ ಚಿಹ್ನೆ. ಅದರ ನಂತರದ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳುಹಿಸುವುದೇ ಇಲ್ಲ. ಎಚ್‌ಟಿಎಂಎಲ್5 ಜೊತೆ ಬಂದ ಹಿಸ್ಟರಿ ಎಪಿಐ ಈ ತೊಡಕನ್ನು ಬಿಡಿಸಿತು. ಅದರ 'ಪುಶ್‌ಸ್ಟೇಟ್' ಆದೇಶ ಹ್ಯಾಶ್ ಇಲ್ಲದ ಸಾಮಾನ್ಯ ವಿಳಾಸವನ್ನೇ ಬ್ರೌಸರ್ ಇತಿಹಾಸಕ್ಕೆ ಸೇರಿಸುತ್ತದೆ. ಬಳಕೆದಾರರು ಬ್ಯಾಕ್ ಬಟನ್ ಒತ್ತಿದಾಗ 'ಪಾಪ್‌ಸ್ಟೇಟ್' ಸೂಚನೆ ಸಿಗುತ್ತದೆ, ರೂಟರ್ ಹಿಂದಿನ ವ್ಯೂ ತೋರಿಸುತ್ತದೆ. ಎಚ್‌ಟಿಎಂಎಲ್5 ಅನ್ನು ಡಬ್ಲ್ಯು3ಸಿ 2014ರ ಅಕ್ಟೋಬರ್‌ನಲ್ಲಿ ಅಧಿಕೃತ ಮಾನದಂಡವಾಗಿ ಪ್ರಕಟಿಸಿತು.

ಬೆಂಗಳೂರಿನ ಉದಾಹರಣೆ

ಈ ತಂತ್ರದ ಲಾಭ ಏನೆಂಬುದಕ್ಕೆ ಬೆಂಗಳೂರಿನ ಫ್ಲಿಪ್‌ಕಾರ್ಟ್ ಒಳ್ಳೆಯ ಉದಾಹರಣೆ. 2015ರಲ್ಲಿ ಮೊಬೈಲ್ ವೆಬ್‌ಸೈಟ್ ಮುಚ್ಚಿ ಗ್ರಾಹಕರನ್ನು ಆಪ್‌ನತ್ತ ಕಳುಹಿಸಿದ್ದ ಕಂಪನಿ, ಅದೇ ವರ್ಷದ ನವೆಂಬರ್‌ನಲ್ಲಿ 'ಫ್ಲಿಪ್‌ಕಾರ್ಟ್ ಲೈಟ್' ಹೆಸರಿನಲ್ಲಿ ವೆಬ್‌ಗೆ ಮರಳಿತು. ಹೊರಚೌಕಟ್ಟನ್ನು ಫೋನಿನಲ್ಲೇ ಉಳಿಸಿಕೊಂಡು, ಒಳಗಿನ ಪುಟಗಳನ್ನು ಬ್ರೌಸರ್‌ನಲ್ಲೇ ಬದಲಿಸುವ ಪ್ರೋಗ್ರೆಸಿವ್ ವೆಬ್ ಆಪ್ ಇದಾಗಿತ್ತು. ಗ್ರಾಹಕರು ಸೈಟಿನಲ್ಲಿ ಕಳೆಯುವ ಸಮಯ ಮೂರು ಪಟ್ಟು ಹೆಚ್ಚಿತು, ಡೇಟಾ ಬಳಕೆ ಮೂರನೇ ಒಂದು ಪಾಲಿಗೆ ಇಳಿಯಿತು ಎಂದು ಈ ಬಗ್ಗೆ ಗೂಗಲ್ ಪ್ರಕಟಿಸಿದ ವರದಿ ಹೇಳುತ್ತದೆ. ಈ ಲಾಭಕ್ಕೆ ರೂಟಿಂಗ್ ಒಂದೇ ಕಾರಣವಲ್ಲ. ಫೋನಿನಲ್ಲಿ ಫೈಲ್‌ಗಳನ್ನು ಉಳಿಸಿಡುವ ಸರ್ವಿಸ್ ವರ್ಕರ್‌ನ ಪಾತ್ರವೂ ದೊಡ್ಡದು. 2ಜಿ ನೆಟ್‌ವರ್ಕ್ ಇನ್ನೂ ವ್ಯಾಪಕವಾಗಿದ್ದ ಆ ದಿನಗಳಲ್ಲಿ ಇದು ಸಣ್ಣ ಉಳಿತಾಯವಾಗಿರಲಿಲ್ಲ.

ಎಡವುವುದು ಎಲ್ಲಿ?

* ರೀಲೋಡ್ ಮಾಡಿದರೆ 404: ಸೂರತ್ ಪುಟದ ಲಿಂಕನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೆ, ಅತ್ತ ಕಡೆಯವರ ಬ್ರೌಸರ್ ನೇರವಾಗಿ ಸರ್ವರ್‌ಗೇ ಹೋಗುತ್ತದೆ. ಅಲ್ಲಿ ಆ ಹೆಸರಿನ ಫೈಲ್ ಇರುವುದಿಲ್ಲ. ಇಂಥ ವಿಳಾಸಗಳಿಗೆಲ್ಲ ಮುಖ್ಯ ಎಚ್‌ಟಿಎಂಎಲ್ ಫೈಲನ್ನೇ ಕೊಡುವಂತೆ ಸರ್ವರ್ ಹೊಂದಿಸಬೇಕು.
* ತಡವಾಗಿ ಬಂದ ಉತ್ತರ: 'ವಡೋದರಾ' ಒತ್ತಿ ತಕ್ಷಣ 'ಸೂರತ್' ಒತ್ತಿದಾಗ, ವಡೋದರಾದ ದತ್ತಾಂಶ ನಿಧಾನವಾಗಿ ಕೊನೆಗೆ ಬಂದರೆ ಸೂರತ್ ಪುಟದಲ್ಲಿ ವಡೋದರಾದ ರೈಲುಗಳು ಕಾಣಿಸಬಹುದು. ಪ್ರಯಾಣಿಕರು ರೈಲನ್ನೇ ತಪ್ಪಿಸಿಕೊಳ್ಳಬಹುದು. ಹಳೆಯ ಕೋರಿಕೆಯನ್ನು ರದ್ದು ಮಾಡುವುದು ಇದಕ್ಕೆ ಪರಿಹಾರ.
* ಅಂಧ ಬಳಕೆದಾರರು: ಇಡೀ ಪುಟ ಹೊಸದಾಗಿ ತೆರೆದಾಗ ಸ್ಕ್ರೀನ್ ರೀಡರ್ ಅದರ ಶೀರ್ಷಿಕೆ ಓದಿ ಹೇಳುತ್ತದೆ. ವ್ಯೂ ಮಾತ್ರ ಬದಲಾದರೆ ಅದಕ್ಕೆ ಸುಳಿವೇ ಸಿಗದಿರಬಹುದು. ಶೀರ್ಷಿಕೆ ಬದಲಿಸಿ, ಫೋಕಸ್ ಅನ್ನು ಹೊಸ ತಲೆಬರಹಕ್ಕೆ ಒಯ್ಯಬೇಕು.
* ಭದ್ರತೆ: ಲಾಗಿನ್ ಆಗದವರಿಗೆ ಪುಟ ತೋರಿಸದಂತೆ ರೂಟರ್‌ನಲ್ಲಿ ತಡೆ ಹಾಕಿದರೆ ಸಾಲದು. ಬ್ರೌಸರ್‌ನಲ್ಲಿರುವ ಕೋಡನ್ನು ಯಾರು ಬೇಕಾದರೂ ಬದಲಿಸಬಹುದು. ಅನುಮತಿ ಪರಿಶೀಲನೆ ಸರ್ವರ್‌ನಲ್ಲೇ ನಡೆಯಬೇಕು.

ಎಲ್ಲ ವೆಬ್‌ಸೈಟ್‌ಗೂ ಬೇಕೆ?

ಬೇಕಿಲ್ಲ. ಮೊದಲ ಬಾರಿ ಪುಟ ತೆರೆಯುವಾಗ ಜಾವಾಸ್ಕ್ರಿಪ್ಟ್ ಬಂದು, ಓಡಿ, ದತ್ತಾಂಶ ತರಿಸುವವರೆಗೆ ಖಾಲಿ ಪರದೆ ನೋಡುತ್ತಾ ಕಾಯಬೇಕಾಗುತ್ತದೆ. 2010ರಲ್ಲಿ ಪುಟ ಕಟ್ಟುವ ಕೆಲಸವನ್ನು ಬ್ರೌಸರ್‌ಗೆ ವಹಿಸಿದ್ದ ಟ್ವಿಟರ್, ಇದೇ ಕಾರಣಕ್ಕೆ 2012ರಲ್ಲಿ ಅದನ್ನು ಮತ್ತೆ ಸರ್ವರ್‌ಗೆ ತಂದಿತು. ಮೊದಲ ಪುಟ ತೆರೆಯುವ ಸಮಯ ಐದನೇ ಒಂದು ಪಾಲಿಗೆ ಇಳಿಯಿತು ಎಂದು ಕಂಪನಿ ಹೇಳಿಕೊಂಡಿತ್ತು.

ಹೀಗಾಗಿ ಈಗ ನೆಕ್ಸ್ಟ್.ಜೆಎಸ್‌ನಂತಹ ಫ್ರೇಮ್‌ವರ್ಕ್‌ಗಳು ಎರಡನ್ನೂ ಬೆರೆಸುತ್ತವೆ: ಮೊದಲ ಪುಟ ಸರ್ವರ್‌ನಲ್ಲಿ ಸಿದ್ಧವಾಗಿ ಬರುತ್ತದೆ, ನಂತರದ ಓಡಾಟವೆಲ್ಲ ಬ್ರೌಸರ್‌ನಲ್ಲಿ. ನಾಲ್ಕಾರು ಪುಟಗಳ ಅಂಗಡಿ ಪರಿಚಯಕ್ಕೆ ಸಾದಾ ಎಚ್‌ಟಿಎಂಎಲ್ ಪುಟಗಳೇ ಸಾಕು. ಮತ್ತೆ ಮತ್ತೆ ಪುಟ ಬದಲಿಸುವ ಟಿಕೆಟ್ ಬುಕಿಂಗ್, ಶಾಪಿಂಗ್, ಇಮೇಲ್‌ನಂತಹ ಸೇವೆಗಳಿಗೆ ಕ್ಲೈಂಟ್-ಸೈಡ್ ರೂಟಿಂಗ್ ಹೆಚ್ಚು ಉಪಯುಕ್ತ.