ಗೇಮಿಂಗ್ ಲ್ಯಾಪ್‌ಟಾಪಿನ ಶಾಖ ಮತ್ತು ಫ್ಯಾನಿನ ಸದ್ದು: ವಿದ್ಯುತ್ ಮಿತಿಯ ಕಡೆಯಿಂದ ಒಂದು ಪರಿಶೀಲನೆ

ಗೇಮಿಂಗ್ ಲ್ಯಾಪ್‌ಟಾಪ್ ಕೊಂಡವರ ದೂರುಗಳಲ್ಲಿ ಎರಡು ಜೋಡಿಯಾಗಿಯೇ ಬರುತ್ತವೆ: ಕೀಬೋರ್ಡಿನ ಮೇಲೆ ಕೈಯಿಡಲಾಗದಷ್ಟು ಬಿಸಿ, ಪಕ್ಕದ ಕೋಣೆಗೂ ಕೇಳುವಷ್ಟು ಫ್ಯಾನಿನ ಸದ್ದು. ಇವಕ್ಕೆ ಸಿಗುವ ಸಲಹೆಗಳೆಲ್ಲ ಫ್ಯಾನಿನ ಆಸುಪಾಸಿನವೇ. ಕೂಲಿಂಗ್ ಪ್ಯಾಡ್ ಇಡಿ, ಧೂಳು ತೆಗೆಸಿ, ಪೇಸ್ಟ್ ಬದಲಿಸಿ ಎನ್ನುತ್ತಾರೆ. ಇವುಗಳಿಂದ ಅಷ್ಟಿಷ್ಟು ಉಪಯೋಗ ಇದ್ದೇ ಇದೆ. ಆದರೆ ಸದ್ದಿನ ಪ್ರಮಾಣ ನಿರ್ಧಾರವಾಗುವುದು ಫ್ಯಾನಿಗಿಂತ ಬಹಳ ಮೊದಲೇ, ಪ್ರೊಸೆಸರಿಗೂ ಗ್ರಾಫಿಕ್ಸ್ ಚಿಪ್ಪಿಗೂ ಎಷ್ಟು ವ್ಯಾಟ್ ಬಿಡಬೇಕೆಂದು ತಯಾರಕರು ಗೊತ್ತುಮಾಡುವ ಹಂತದಲ್ಲೇ ಎಂಬುದು ಈ ಲೇಖನದ ವಾದ.

ಚಿಪ್ಪಿನಲ್ಲಿ ವ್ಯಯವಾಗುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ. ಟ್ರಾನ್ಸಿಸ್ಟರುಗಳು ಕುಗ್ಗಿದಂತೆಲ್ಲ ಅವಕ್ಕೆ ಬೇಕಾದ ವೋಲ್ಟೇಜೂ ಕುಗ್ಗುತ್ತದೆ, ಆದ್ದರಿಂದ ಒಂದು ಚದರ ಮಿಲಿಮೀಟರಿನ ಶಾಖ ಹೆಚ್ಚದೆಯೇ ವೇಗ ಹೆಚ್ಚಿಸಬಹುದು ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಆ ಅನುಕೂಲ ಮೂರು ದಶಕ ನಡೆಯಿತು. 2005ರ ಆಸುಪಾಸಿನಲ್ಲಿ ಟ್ರಾನ್ಸಿಸ್ಟರುಗಳ ಸೋರಿಕೆ ವಿದ್ಯುತ್ತು ಅಡ್ಡಬಂದು ವೋಲ್ಟೇಜ್ ಇಳಿಸುವುದು ಕಷ್ಟವಾಯಿತು. ಅಲ್ಲಿಂದೀಚೆಗೆ ವೇಗ ಹೆಚ್ಚಿಸಲು ಹೊರಟವರು ಶಾಖದ ಲೆಕ್ಕ ತೆರಲೇಬೇಕು. ಲೆಕ್ಕ ಸರಳ: ಚಿಪ್ಪಿನ ಚಲನ ವಿದ್ಯುತ್ತು ಅದರ ಆವರ್ತನಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಇರುತ್ತದೆ. ಆವರ್ತನ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುವುದರಿಂದ, ಏರಿಕೆಯ ಕೊನೆಯ ಮೆಟ್ಟಿಲುಗಳಲ್ಲಿ ವಿದ್ಯುತ್ತು ಹೆಚ್ಚುಕಡಿಮೆ ಆವರ್ತನದ ಘನದಂತೆ ಬೆಳೆಯುತ್ತದೆ.

ಮಾರುಕಟ್ಟೆಯ ಅಂಕಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇಂಟೆಲ್‌ನ ಕೋರ್ ಐ7-12700ಎಚ್ ಪ್ರೊಸೆಸರಿಗೆ ಮೂಲ ವಿದ್ಯುತ್ ಮಿತಿ 45 ವ್ಯಾಟ್, ಸ್ವಲ್ಪ ಹೊತ್ತು ವೇಗ ಏರಿಸಿಕೊಳ್ಳುವ ಟರ್ಬೊ ಸ್ಥಿತಿಯ ಮಿತಿ 115 ವ್ಯಾಟ್. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್ಪಿಗೆ 35ರಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ಕೊಡುವ ಸ್ವಾತಂತ್ರ್ಯ ಲ್ಯಾಪ್‌ಟಾಪ್ ತಯಾರಕರಿಗಿದೆ. ಡಬ್ಬಿಯ ಮೇಲಿನ ಹೆಸರು ಒಂದೇ ಆದರೂ ಒಳಗಿನ ಶಾಖ ಮೂರು ಪಟ್ಟು ಬೇರೆಯಾಗಬಹುದು. ಎರಡು ಬೆರಳಿನಷ್ಟೂ ದಪ್ಪವಿಲ್ಲದ ಪೆಟ್ಟಿಗೆಯಲ್ಲಿ ಇಷ್ಟನ್ನು ತುಂಬಿಟ್ಟು ಮಾರುವವರ ಧೈರ್ಯವನ್ನಂತೂ ಮೆಚ್ಚಬೇಕು.

ಈ ಶಾಖ ಹೊರಗೆ ಹೋಗುವ ದಾರಿಯನ್ನು ಚುಟುಕಾಗಿ ಹೇಳಬಹುದು. ಚಿಪ್ಪಿನಿಂದ ಥರ್ಮಲ್ ಪೇಸ್ಟಿಗೆ, ಅಲ್ಲಿಂದ ತಾಮ್ರದ ಹೀಟ್ ಪೈಪಿಗೆ, ಪೈಪಿನಿಂದ ತೆಳು ರೆಕ್ಕೆಗಳಿಗೆ, ರೆಕ್ಕೆಗಳಿಂದ ಗಾಳಿಗೆ. ಹೀಟ್ ಪೈಪಿನೊಳಗೆ ಇರುವುದು ಚೂರು ನೀರು. ಬಿಸಿ ತುದಿಯಲ್ಲಿ ಆವಿಯಾಗಿ, ತಣ್ಣನೆಯ ತುದಿಯಲ್ಲಿ ಹನಿಯಾಗಿ, ಒಳಗೋಡೆಯ ಬತ್ತಿಯ ಮೂಲಕ ಅದು ಮರಳಿ ಬರುತ್ತದೆ. ಇಂದಿನ ರೂಪದ ಹೀಟ್ ಪೈಪನ್ನು 1963ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಸಿದ್ಧಪಡಿಸಿದರು. ಅನೇಕ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರಿಗೂ ಗ್ರಾಫಿಕ್ಸ್ ಚಿಪ್ಪಿಗೂ ಒಂದೇ ಪೈಪು ಹಾದುಹೋಗಿರುತ್ತದೆ. ಹಾಗಾಗಿ ಆಟದಲ್ಲಿ ಬಿಡುವಾಗಿರುವ ಪ್ರೊಸೆಸರು ಸುಮ್ಮನೆ ಟರ್ಬೊಗೆ ಏರಿದರೂ ಅದರ ಬಿಸಿಗೆ ಗ್ರಾಫಿಕ್ಸ್ ಚಿಪ್ಪು ಪಾಲುದಾರ.

ಇನ್ನು ಗಾಳಿ. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವುದು ಬರೀ 1.2 ಕಿಲೋಜೌಲ್. 150 ವ್ಯಾಟ್ ಶಾಖವನ್ನು ಹೊತ್ತೊಯ್ಯುವ ಗಾಳಿ 20 ಡಿಗ್ರಿ ಬಿಸಿಯಾಗಿ ಹೊರಬೀಳುತ್ತದೆ ಎಂದಿಟ್ಟುಕೊಂಡರೆ, ಪ್ರತಿ ಸೆಕೆಂಡಿಗೆ ಆರು ಲೀಟರಿಗಿಂತ ಹೆಚ್ಚು ಗಾಳಿ ಆ ಕಿರಿದಾದ ರೆಕ್ಕೆಗಳ ನಡುವೆ ನುಗ್ಗಬೇಕು. ಸದ್ದಿನ ಮೂಲ ಇಲ್ಲಿದೆ. ಫ್ಯಾನುಗಳ ಅನುಪಾತ ನಿಯಮದ ಪ್ರಕಾರ ಗಾಳಿಯ ಹರಿವು ಸುತ್ತಿನ ವೇಗಕ್ಕೆ ಅನುಪಾತದಲ್ಲಿದ್ದರೆ, ಶಬ್ದಶಕ್ತಿ ಸರಿಸುಮಾರು ವೇಗದ ಐದನೆಯ ಘಾತದಂತೆ ಏರುತ್ತದೆ. ವೇಗವನ್ನು ಅರ್ಧಕ್ಕಿಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ.

ಈಗ ಎರಡು ನಿಯಮಗಳನ್ನು ಒಂದಕ್ಕೊಂದು ಹೊಂದಿಸೋಣ. ಚಿಪ್ಪಿನ ಆವರ್ತನ ಮತ್ತು ವೋಲ್ಟೇಜ್ ಎರಡನ್ನೂ ಶೇ. 10 ಇಳಿಸಿದರೆ ಚಲನ ವಿದ್ಯುತ್ತು 0.9ರ ಘನಕ್ಕೆ, ಅಂದರೆ 0.73ಕ್ಕೆ ಇಳಿಯುತ್ತದೆ. ಶಾಖ ಶೇ. 27 ಕಡಿಮೆ. ಹೊರಬರುವ ಗಾಳಿಯ ಬಿಸಿ ಮೊದಲಿನಷ್ಟೇ ಇರಲಿ ಎಂದರೆ ಫ್ಯಾನಿನ ವೇಗವನ್ನೂ ಅಷ್ಟೇ ಇಳಿಸಬಹುದು. ಸದ್ದಿನಲ್ಲಿ ಅದರ ಫಲ ಸುಮಾರು 7 ಡೆಸಿಬೆಲ್. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಅನ್ನಿಸುತ್ತದೆ ಎಂಬ ಒಪ್ಪಿತ ಅಂದಾಜನ್ನು ಹಿಡಿದರೆ, 7 ಡೆಸಿಬೆಲ್ ಎಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಇಳಿಕೆ. ಆಟದಲ್ಲಿ ಕಳೆದುಕೊಳ್ಳುವುದು ಹೆಚ್ಚೆಂದರೆ ಹತ್ತರಲ್ಲೊಂದು ಫ್ರೇಮು. ಇದು ಆದರ್ಶ ಲೆಕ್ಕ, ನಿಜ. ಮೆಮೊರಿ ಮತ್ತು ಮದರ್‌ಬೋರ್ಡಿನ ಶಾಖ ಇದರಲ್ಲಿಲ್ಲ. ವೋಲ್ಟೇಜ್ ತನ್ನ ಕನಿಷ್ಠ ಮಟ್ಟ ಮುಟ್ಟಿದ ಮೇಲೆ ಘನದ ಲಾಭವೂ ಸಿಗುವುದಿಲ್ಲ. ಆದರೂ ದಿಕ್ಕು ಬದಲಾಗದು: ಕೊನೆಯ ಕೆಲವು ಫ್ರೇಮುಗಳ ಬೆಲೆಯನ್ನು ಕಿವಿ ತೆರುತ್ತಿದೆ.

ವ್ಯಾಟ್ ಹಾಗೇ ಬಿಟ್ಟು ಫ್ಯಾನನ್ನಷ್ಟೇ ನಿಧಾನಿಸಿದರೆ? ಶಾಖ ಬೇರೆ ದಾರಿ ಹುಡುಕುತ್ತದೆ. ಚಿಪ್ಪು 95–100 ಡಿಗ್ರಿ ತಲುಪಿ ಥ್ರಾಟ್ಲಿಂಗ್ (ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು) ಆರಂಭವಾಗುವ ಮೊದಲೇ ಕವಚ ಕಾಯುತ್ತದೆ. 2010ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ವರದಿ ಮಾಡಿದ ಒಂದು ಪ್ರಕರಣ ಇಲ್ಲಿ ಪ್ರಸ್ತುತ. ಹನ್ನೆರಡು ವರ್ಷದ ಹುಡುಗನೊಬ್ಬ ತಿಂಗಳುಗಟ್ಟಲೆ, ದಿನಕ್ಕೆ ಕೆಲವು ಗಂಟೆ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಆಟವಾಡಿದ್ದ. ಅವನ ಎಡ ತೊಡೆಯ ಚರ್ಮ ಬಲೆಯಾಕಾರದಲ್ಲಿ ಬಣ್ಣಗೆಟ್ಟಿತ್ತು. ಬೊಬ್ಬೆ ಬರಿಸದಷ್ಟು ಸೌಮ್ಯವಾದ ಶಾಖವೂ ದಿನಾ ತಾಗಿದರೆ ಚರ್ಮ ಅದನ್ನು ಗುರುತಿಟ್ಟುಕೊಳ್ಳುತ್ತದೆ.

ಡೆಸಿಬೆಲ್ ಒಂದನ್ನೇ ಅಳೆದರೆ ಕಿರಿಕಿರಿ ಅಳೆದಂತಾಗದು. 45 ಅಲಗುಗಳ ಫ್ಯಾನು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅಲಗುಗಳು ಸೆಕೆಂಡಿಗೆ 3,000 ಬಾರಿ ಗಾಳಿಯನ್ನು ಕಡಿಯುತ್ತವೆ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವ ವಲಯವೇ ಅದು. ಅಲ್ಲೊಂದು ಕೀರಲು ಸ್ವರ ಎದ್ದು ನಿಲ್ಲುತ್ತದೆ. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ ಆಪಲ್ ಅಲಗುಗಳನ್ನು ಅಸಮ ಅಂತರದಲ್ಲಿ ಜೋಡಿಸಿ, ಆ ಒಂದೇ ಸ್ವರವನ್ನು ಹಲವು ಆವರ್ತನಗಳಿಗೆ ಹಂಚಿಬಿಟ್ಟಿತು. ಇದಕ್ಕಿಂತಲೂ ಕಾಡುವುದು ಏರಿಳಿತ. ಒಂದೇ ಮಟ್ಟದಲ್ಲಿ ಮೊರೆಯುವ ಫ್ಯಾನಿಗೆ ಕಿವಿ ಸ್ವಲ್ಪ ಹೊತ್ತಿನಲ್ಲಿ ಒಗ್ಗಿಕೊಳ್ಳುತ್ತದೆ; ಬ್ರೌಸರಿನಲ್ಲಿ ಪುಟವೊಂದನ್ನು ತೆರೆದ ಮಾತ್ರಕ್ಕೆ ಭುಸ್ಸೆಂದು ಎದ್ದು ಹತ್ತು ಸೆಕೆಂಡಿನಲ್ಲಿ ತಣ್ಣಗಾಗುವ ಫ್ಯಾನಿಗೆ ಎಂದೂ ಒಗ್ಗುವುದಿಲ್ಲ. ತಪ್ಪು ಫ್ಯಾನಿನದಲ್ಲ, ಅದನ್ನು ನಡೆಸುವ ಪುಟ್ಟ ನಿಯಂತ್ರಕದ ಪ್ರೋಗ್ರಾಮಿನದು. ಏರುವ ಉಷ್ಣತೆಗೂ ಇಳಿಯುವ ಉಷ್ಣತೆಗೂ ನಡುವೆ ನಾಲ್ಕೈದು ಡಿಗ್ರಿ ಅಂತರ ಕೊಟ್ಟು, ಕ್ಷಣಿಕ ಏರಿಕೆಯನ್ನು ಕಡೆಗಣಿಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಖರ್ಚಿಲ್ಲದ ಈ ಕೆಲಸವನ್ನು ಎಷ್ಟೋ ದುಬಾರಿ ಲ್ಯಾಪ್‌ಟಾಪುಗಳಲ್ಲೂ ಮಾಡಿರುವುದಿಲ್ಲ.

ಸುತ್ತಲಿನ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಕರ್ನಾಟಕದೊಳಗೇ ಫಲಿತಾಂಶ ಬೇರೆಯಾಗುತ್ತದೆ. ಬೆಂಗಳೂರಿನ 25 ಡಿಗ್ರಿ ಕೋಣೆಯಲ್ಲಿ 95 ಡಿಗ್ರಿಯ ಚಿಪ್ಪಿಗೆ 70 ಡಿಗ್ರಿಗಳ ಅಂತರ ಸಿಗುತ್ತದೆ. ಬೇಸಿಗೆಯ ಮಧ್ಯಾಹ್ನ 40 ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಸಿಗುವುದು 55 ಮಾತ್ರ. ಅದೇ ಪೈಪು, ಅದೇ ರೆಕ್ಕೆ, ಅದೇ ಫ್ಯಾನಿನ ವೇಗದಲ್ಲಿ ಹೊರಹಾಕಬಹುದಾದ ಶಾಖ ಐದನೇ ಒಂದು ಭಾಗ ಕಡಿಮೆ. ಬಹಳಷ್ಟು ಲ್ಯಾಪ್‌ಟಾಪುಗಳ ಕೈಪಿಡಿಗಳು ಬಳಕೆಯ ಮೇಲ್ಮಿತಿಯನ್ನು 35 ಡಿಗ್ರಿ ಎಂದೇ ಬರೆದಿರುತ್ತವೆ. ಆ ಊರುಗಳ ಏಪ್ರಿಲ್–ಮೇ ತಿಂಗಳುಗಳು ಕೈಪಿಡಿಯ ಹೊರಗಿನವು. ಅಲ್ಲಿ ವ್ಯಾಟ್ ಇಳಿಸುವುದು ನೆಮ್ಮದಿಯ ಆಯ್ಕೆಯಾಗಿ ಉಳಿಯದೆ ಅಗತ್ಯವೇ ಆಗುತ್ತದೆ. ಬಿಸಿಲ ನಾಡಿನ ಧೂಳು ರೆಕ್ಕೆಗಳ ಬಾಯಲ್ಲಿ ಕಂಬಳಿಯಂತೆ ಕಟ್ಟಿಕೊಳ್ಳುವುದು ಇದಕ್ಕೆ ಕೂಡಿದ ತೊಂದರೆ.

ವ್ಯಾಟ್ ಇಳಿಸುವ ಅತ್ಯುತ್ತಮ ದಾರಿ ಅಂಡರ್‌ವೋಲ್ಟಿಂಗ್: ಆವರ್ತನ ಮುಟ್ಟದೆ ವೋಲ್ಟೇಜನ್ನಷ್ಟೇ ತಗ್ಗಿಸುವುದು. ತಯಾರಕರು ಅತ್ಯಂತ ದುರ್ಬಲ ಚಿಪ್ಪಿಗೂ ಸಾಲುವಂತೆ ವೋಲ್ಟೇಜ್ ಇಟ್ಟಿರುವುದರಿಂದ ಬಹುತೇಕ ಚಿಪ್ಪುಗಳಲ್ಲಿ ಸ್ವಲ್ಪ ಜಾಗ ಉಳಿದಿರುತ್ತದೆ. ಆದರೆ ಡಿಸೆಂಬರ್ 2019ರಲ್ಲಿ ಬರ್ಮಿಂಗ್‌ಹ್ಯಾಮ್, ಗ್ರಾಟ್ಸ್ ಮತ್ತು ಲ್ಯೂವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ‘ಪ್ಲಂಡರ್‌ವೋಲ್ಟ್’ ಎಂಬ ದಾಳಿಯನ್ನು ಬಯಲು ಮಾಡಿದರು. ವೋಲ್ಟೇಜನ್ನು ಬೇಕೆಂದೇ ಕುಗ್ಗಿಸಿ, ಇಂಟೆಲ್ ಪ್ರೊಸೆಸರಿನ ಸುರಕ್ಷಿತ ವಲಯದೊಳಗಿನ ಲೆಕ್ಕವನ್ನು ತಪ್ಪಿಸಿ ಗುಟ್ಟು ಕದಿಯುವ ತಂತ್ರ ಅದು. ಪರಿಹಾರವಾಗಿ ಅನೇಕ ಲ್ಯಾಪ್‌ಟಾಪುಗಳ ಬಯಾಸ್‌ನಲ್ಲಿ ವೋಲ್ಟೇಜಿಗೇ ಬೀಗ ಬಿತ್ತು. ಆಟವಾಡುವವರಲ್ಲಿ ಹೆಚ್ಚಿನವರು ಆ ಸುರಕ್ಷಿತ ವಲಯವನ್ನು ಬಳಸುತ್ತಲೇ ಇರಲಿಲ್ಲ. ಬೀಗ ಹಾಕುವ ಅಧಿಕಾರವನ್ನು ಯಂತ್ರದ ಒಡೆಯನಿಗೇ ಬಿಟ್ಟುಕೊಡಬಹುದಿತ್ತು ಎಂಬುದು ನನ್ನ ಅಭಿಪ್ರಾಯ.

ಗ್ರಾಫಿಕ್ಸ್ ಚಿಪ್ಪಿನ ವೋಲ್ಟೇಜ್ ರೇಖೆ ಹೆಚ್ಚಿನ ಯಂತ್ರಗಳಲ್ಲಿ ಇನ್ನೂ ತೆರೆದೇ ಇದೆ. ವಿಂಡೋಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು ಶೇ. 99ಕ್ಕೆ ಇಳಿಸಿದರೆ ಟರ್ಬೊ ನಿಲ್ಲುತ್ತದೆ. ಇದು ಒರಟು ಉಪಾಯ; 4.7 ಗಿಗಾಹರ್ಟ್ಸ್ ವರೆಗೆ ಓಡಬಲ್ಲ 12700ಎಚ್ ಆಗ 2.3ರ ಆಸುಪಾಸಿಗೆ ಬಂದು ಕೂರುತ್ತದೆ, ಪ್ರೊಸೆಸರನ್ನೇ ನೆಚ್ಚಿದ ಆಟಗಳು ತಡವರಿಸುತ್ತವೆ. ಫ್ರೇಮ್ ರೇಟಿಗೆ ಮಿತಿ ಹಾಕುವುದು ಹೆಚ್ಚು ನಯವಾದ ದಾರಿ. ಕಥೆಯನ್ನು ನೋಡುತ್ತ ಸಾಗುವ ಆಟಕ್ಕೆ 60 ಫ್ರೇಮ್ ಸಾಕೆಂದರೆ, ಚಿಪ್ಪು ಪ್ರತಿ ಫ್ರೇಮಿನ ನಡುವೆ ಬಿಡುವು ಪಡೆದು ತಾನಾಗಿ ಕೆಳಗಿನ ವೋಲ್ಟೇಜಿಗೆ ಇಳಿಯುತ್ತದೆ.

ವಿಮರ್ಶಕರ ಅಳತೆಯ ಕ್ರಮವೂ ಬದಲಾಗಬೇಕಿದೆ. ಸದ್ಯ ಹೆಚ್ಚಿನ ವಿಮರ್ಶೆಗಳಲ್ಲಿ ಫ್ರೇಮುಗಳ ಕೋಷ್ಟಕ ಟರ್ಬೊ ಮೋಡಿನದು, ‘ಸದ್ದು ಸಹನೀಯ’ ಎಂಬ ಸಾಲು ಸೈಲೆಂಟ್ ಮೋಡಿನದು. ಓದುಗ ಎರಡನ್ನೂ ಒಂದೇ ಯಂತ್ರದ ಒಂದೇ ಹೊತ್ತಿನ ಗುಣವೆಂದು ತಿಳಿದು ದುಡ್ಡು ಕೊಡುತ್ತಾನೆ. ಕಿವಿಯ ದೂರದಲ್ಲಿ 40 ಡೆಸಿಬೆಲ್ ಮೀರದಂತೆ ಕಟ್ಟಿಹಾಕಿದಾಗ ಪ್ರತಿ ಲ್ಯಾಪ್‌ಟಾಪು ಎಷ್ಟು ಫ್ರೇಮ್ ಕೊಡುತ್ತದೆಂದು ಒಂದೇ ಸಾಲಿನಲ್ಲಿ ಮುದ್ರಿಸಿದರೆ, ದಪ್ಪ ಕವಚದ ಅಗ್ಗದ ಯಂತ್ರವೊಂದು ತೆಳ್ಳಗಿನ ದುಬಾರಿ ಯಂತ್ರವನ್ನು ಹಿಂದಿಕ್ಕುವುದು ಅಪರೂಪವಾಗಲಾರದು.