ಜಲತೀರದಲ್ಲಿ ಗಾಲಿಮನೆಯ ವಾಸ

ಅಡುಗೆಮನೆ, ಹಾಸಿಗೆ, ಸ್ನಾನಗೃಹ, ಶೌಚಾಲಯಗಳನ್ನೆಲ್ಲ ಹೊತ್ತು ಸಾಗುವ ವಾಹನಕ್ಕೆ ಅಮೆರಿಕದಲ್ಲಿ ರಿಕ್ರಿಯೇಷನಲ್ ವೆಹಿಕಲ್, ಅರ್ಥಾತ್ ಆರ್‌ವಿ ಎಂದು ಹೆಸರು. ಬೇಸಿಗೆ ಬಂತೆಂದರೆ ಈ ಗಾಲಿಮನೆಗಳು ಕೆರೆ, ಸರೋವರ, ನದಿಗಳ ದಡಕ್ಕೆ ಸಾಲುಗಟ್ಟುತ್ತವೆ. ಮಕ್ಕಳನ್ನು ನೋಡಲು ಕರ್ನಾಟಕದಿಂದ ಹೋಗುವ ತಂದೆತಾಯಂದಿರೊಡನೆ ಅಲ್ಲಿನ ಕನ್ನಡ ಕುಟುಂಬಗಳೂ ಆರ್‌ವಿ ಬಾಡಿಗೆಗೆ ಹಿಡಿದು ಇಂಥ ತಾಣಗಳಿಗೆ ಹೊರಡುವುದುಂಟು. ಈ ವಾಸದ ರೀತಿನೀತಿಗಳನ್ನೂ, ನೀರಿನ ಸನಿಹದಲ್ಲಿ ಅಡಗಿರುವ ಅಪಾಯಗಳನ್ನೂ ಅರಿತು ಹೊರಡುವುದು ಲೇಸು.

ವಾಹನದ ಬಗೆಗಳು

ತಾನೇ ಚಲಿಸುವ ಆರ್‌ವಿಗಳಲ್ಲಿ ಮೂರು ವರ್ಗಗಳಿವೆ. ಬಸ್ಸಿನಂಥ ದೊಡ್ಡ ವಾಹನ ಕ್ಲಾಸ್ ಎ; ವ್ಯಾನಿನೊಳಗೇ ಅಳವಡಿಸಿದ್ದು ಕ್ಲಾಸ್ ಬಿ; ಚಾಲಕನ ತಲೆಯ ಮೇಲೆ ಅಟ್ಟದಂತೆ ಮಲಗುವ ಜಾಗವಿರುವುದು ಕ್ಲಾಸ್ ಸಿ. ಇವಲ್ಲದೆ ಬೇರೆ ವಾಹನ ಎಳೆದೊಯ್ಯುವ ಟ್ರಾವೆಲ್ ಟ್ರೈಲರ್ ಹಾಗೂ ಫಿಫ್ತ್ ವೀಲ್‌ಗಳೂ ಇವೆ. ಪ್ರತಿ ನಿವೇಶನಕ್ಕೂ ಉದ್ದದ ಮಿತಿ ಇರುವುದರಿಂದ, ಜಾಗ ಕಾದಿರಿಸುವ ಮೊದಲೇ ವಾಹನದ ಉದ್ದ ತಿಳಿದಿರಬೇಕು. ಹಿಂದಕ್ಕೆ ಚಲಾಯಿಸುವ ಅಭ್ಯಾಸವಿಲ್ಲದವರು ಒಂದು ಕಡೆಯಿಂದ ಒಳಬಂದು ಇನ್ನೊಂದು ಕಡೆಯಿಂದ ಹೊರಹೋಗಬಹುದಾದ ‘ಪುಲ್-ಥ್ರೂ’ ನಿವೇಶನವನ್ನು ಆರಿಸಿಕೊಳ್ಳುವುದು ಸುಲಭ.

ತಾಣಗಳು ಎಲ್ಲಿ?

ಸದ್ದುಗದ್ದಲವಿಲ್ಲದ ಜಲತೀರ ಬೇಕೆನ್ನುವವರಿಗೆ ಸರ್ಕಾರಿ ಕ್ಯಾಂಪ್‌ಗ್ರೌಂಡುಗಳು ಉತ್ತಮ ಆಯ್ಕೆ. ಅಮೆರಿಕದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ಸಂಸ್ಥೆಯು ಪ್ರವಾಹ ನಿಯಂತ್ರಣ ಮೊದಲಾದ ಉದ್ದೇಶಗಳಿಗೆ ಅಣೆಕಟ್ಟು ಕಟ್ಟಿ ರೂಪಿಸಿದ ಜಲಾಶಯಗಳು ದೇಶದಾದ್ಯಂತ ಹರಡಿವೆ. ಅಟ್ಲಾಂಟಾ ಬಳಿಯ ಲೇಕ್ ಲೇನಿಯರ್, ಡಲ್ಲಾಸ್ ಬಳಿಯ ಲೂಯಿಸ್‌ವಿಲ್ ಸರೋವರ ಇಂಥವೇ. ಇವಲ್ಲದೆ ರಾಷ್ಟ್ರೀಯ ಅರಣ್ಯಗಳು, ರಾಷ್ಟ್ರೀಯ ಉದ್ಯಾನಗಳು ಹಾಗೂ ಆಯಾ ರಾಜ್ಯಗಳ ಉದ್ಯಾನಗಳಲ್ಲಿಯೂ ದಡದ ತಾಣಗಳಿವೆ. ಕೇಂದ್ರ ಸರ್ಕಾರದ ತಾಣಗಳನ್ನು ರಿಕ್ರಿಯೇಷನ್ ಡಾಟ್ ಗವ್ ಮೂಲಕ ಕಾದಿರಿಸಬಹುದು. ಬಹಳಷ್ಟು ಕಡೆ ಆರು ತಿಂಗಳ ಮುಂಚೆಯೇ ಕಾದಿರಿಸುವಿಕೆ ಆರಂಭವಾಗುತ್ತದೆ. ನೀರಿಗೆ ಅಂಟಿದ ನಿವೇಶನಗಳು ಮೊದಲು ಮುಗಿಯುತ್ತವೆ. ಶನಿವಾರ, ಭಾನುವಾರಗಳನ್ನು ಬಿಟ್ಟರೆ ಜನಸಂದಣಿ ಕಡಿಮೆ.

62 ವರ್ಷ ತುಂಬಿದವರಿಗೆ ನೀಡುವ ಸೀನಿಯರ್ ಪಾಸ್ ಇದ್ದರೆ ಕೇಂದ್ರದ ಅನೇಕ ತಾಣಗಳಲ್ಲಿ ಅರ್ಧದಷ್ಟು ರಿಯಾಯಿತಿ ದೊರೆಯುತ್ತದೆ. ಆದರೆ ಅದು ಅಮೆರಿಕದ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಸಂದರ್ಶಕ ವೀಸಾದ ಮೇಲೆ ಬಂದ ಹಿರಿಯರಿಗೆ ಅನ್ವಯಿಸದು.

ವಿದ್ಯುತ್ತು, ನೀರು, ಕೊಳೆ

ನಿವೇಶನದಲ್ಲಿ ವಿದ್ಯುತ್ತು, ನೀರು, ಒಳಚರಂಡಿಗಳ ಸಂಪರ್ಕಕ್ಕೆ ‘ಹುಕ್‌ಅಪ್’ ಎನ್ನುತ್ತಾರೆ. ಮೂರೂ ಎಲ್ಲ ಕಡೆ ಇರುವುದಿಲ್ಲ. 30 ಆಂಪ್ ಸಂಪರ್ಕವು 120 ವೋಲ್ಟಿನಲ್ಲಿ ಗರಿಷ್ಠ 3,600 ವ್ಯಾಟ್ ನೀಡುತ್ತದೆ. ಹವಾನಿಯಂತ್ರಕ, ಮೈಕ್ರೋವೇವ್, ವಿದ್ಯುತ್ ಒಲೆಗಳನ್ನು ಒಟ್ಟಿಗೆ ಚಾಲೂ ಮಾಡಿದರೆ ಬ್ರೇಕರ್ ಬೀಳುವುದು ಖಚಿತ. ಊರಿನಿಂದ ಒಯ್ದ 230 ವೋಲ್ಟಿನ ಮಿಕ್ಸಿ ಇಲ್ಲಿ ಉಪಯೋಗಕ್ಕೆ ಬಾರದು; ಚಟ್ನಿಪುಡಿ, ಸಾರಿನ ಪುಡಿಗಳನ್ನು ಮೊದಲೇ ಸಿದ್ಧಪಡಿಸಿ ಒಯ್ಯುವುದು ಜಾಣತನ.

ವಾಹನದಲ್ಲಿ ಮೂರು ಟ್ಯಾಂಕುಗಳಿರುತ್ತವೆ: ಶುದ್ಧ ನೀರಿನದು, ಸ್ನಾನ ಹಾಗೂ ಪಾತ್ರೆ ತೊಳೆದ ನೀರಿನ ‘ಗ್ರೇ’ ಟ್ಯಾಂಕ್, ಶೌಚದ ‘ಬ್ಲ್ಯಾಕ್’ ಟ್ಯಾಂಕ್. ಖಾಲಿ ಮಾಡುವಾಗ ಮೊದಲು ಬ್ಲ್ಯಾಕ್, ನಂತರ ಗ್ರೇ ತೆರೆಯಬೇಕು. ಸಾಬೂನಿನ ನೀರು ಕೊಳವೆಯನ್ನು ತೊಳೆಯುತ್ತದೆ. ಒಳಚರಂಡಿ ಸಂಪರ್ಕವಿದ್ದರೂ ಬ್ಲ್ಯಾಕ್ ಟ್ಯಾಂಕಿನ ಕವಾಟವನ್ನು ಸದಾ ತೆರೆದಿಡಬಾರದು. ದ್ರವವೆಲ್ಲ ಹರಿದು ಘನ ಪದಾರ್ಥ ತಳದಲ್ಲಿ ಕಟ್ಟಿಕೊಳ್ಳುತ್ತದೆ. ಪಾತ್ರೆ ತೊಳೆದ ನೀರನ್ನೂ ನೆಲಕ್ಕೋ ಸರೋವರಕ್ಕೋ ಚೆಲ್ಲದೆ, ಡಂಪ್ ಸ್ಟೇಷನ್‌ನಲ್ಲಿಯೇ ಬಿಡಬೇಕು.

ನಿಶ್ಶಬ್ದದ ನಿಯಮ

ಕೋರ್ ಆಫ್ ಎಂಜಿನಿಯರ್ಸ್ ತಾಣಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಾಂತಿ ಪಾಲನೆ ಕಡ್ಡಾಯ. ಜನರೇಟರ್, ಸಂಗೀತ, ಗಟ್ಟಿ ಮಾತು ಯಾವುದೂ ನೆರೆಯವರ ನಿದ್ದೆ ಕೆಡಿಸುವಂತಿಲ್ಲ. ಯಾವುದೇ 30 ದಿನಗಳ ಅವಧಿಯಲ್ಲಿ ಒಂದು ಜಲಾಶಯದಲ್ಲಿ 14 ದಿನಗಳಿಗಿಂತ ಹೆಚ್ಚು ತಂಗಲು ಸಾಮಾನ್ಯವಾಗಿ ಅನುಮತಿ ಇಲ್ಲ. ಸೌದೆಯನ್ನು ದೂರದಿಂದ ತರದೆ ಸ್ಥಳೀಯವಾಗಿ ಕೊಳ್ಳಬೇಕು. 2002ರಲ್ಲಿ ಮಿಚಿಗನ್‌ನಲ್ಲಿ ಪತ್ತೆಯಾದ ಎಮರಾಲ್ಡ್ ಆಶ್ ಬೋರರ್ ಎಂಬ ಕೀಟ ಸೌದೆಯೊಂದಿಗೇ ಪಯಣಿಸಿ ಅಸಂಖ್ಯ ಆಶ್ ಮರಗಳನ್ನು ಬಲಿ ತೆಗೆದುಕೊಂಡಿದೆ.

ನೀರು ಏರಿದಾಗ

ಜಲಾಶಯದ ನೀರು ಸಾಮಾನ್ಯವಾಗಿ ನಿಧಾನವಾಗಿ ಏರುತ್ತದೆ. ಪ್ರವಾಹವನ್ನು ತಡೆದಿಟ್ಟುಕೊಳ್ಳುವುದೇ ಅದರ ಕೆಲಸವಾದ್ದರಿಂದ, ಅತಿವೃಷ್ಟಿಯಾದಾಗ ದಡದ ತಾಣಗಳು ಮುಳುಗುವುದು ನಿರೀಕ್ಷಿತವೇ. ಅಧಿಕಾರಿಗಳು ಮುಂಚಿತವಾಗಿ ಅವುಗಳನ್ನು ಮುಚ್ಚುತ್ತಾರೆ. ಆದರೆ ಗುಡ್ಡಗಾಡಿನ ನದಿಯ ಸ್ವಭಾವವೇ ಬೇರೆ. ಮೇಲಿನ ಕಣಿವೆಯಲ್ಲಿ ಸುರಿದ ಮಳೆ, ಕೆಳಗೆ ನಿದ್ರಿಸುತ್ತಿರುವವರನ್ನು ಕೆಲವೇ ಗಂಟೆಗಳಲ್ಲಿ ತಲುಪುತ್ತದೆ.

2010ರ ಜೂನ್ 11ರ ನಸುಕಿನಲ್ಲಿ ಅರ್ಕನ್ಸಾ ರಾಜ್ಯದ ಆಲ್ಬರ್ಟ್ ಪೈಕ್ ಕ್ಯಾಂಪ್‌ಗ್ರೌಂಡಿಗೆ ಲಿಟಲ್ ಮಿಸೌರಿ ನದಿ ನುಗ್ಗಿ 20 ಮಂದಿ ಮೃತಪಟ್ಟರು. 2025ರ ಜುಲೈ 4ರಂದು ಟೆಕ್ಸಸ್‌ನ ಗ್ವಾಡಲೂಪೆ ನದಿ ಬೆಳಗಾಗುವ ಮುನ್ನವೇ ಉಕ್ಕಿ, ದಡದ ಶಿಬಿರಗಳನ್ನೂ ಆರ್‌ವಿ ತಾಣಗಳನ್ನೂ ಕೊಚ್ಚಿಕೊಂಡು ಹೋಯಿತು. ಆ ದಿನಗಳ ಪ್ರವಾಹಗಳಿಂದ ಆ ರಾಜ್ಯದಲ್ಲಿ 130ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಎರಡೂ ದುರಂತಗಳು ಸಂಭವಿಸಿದ್ದು ಜನ ಮಲಗಿದ್ದ ವೇಳೆಯಲ್ಲಿ ಎಂಬುದು ಗಮನಾರ್ಹ.

ಕಣಿವೆಗಳಲ್ಲಿ ಮೊಬೈಲ್ ಸಂಕೇತ ದೊರೆಯುವ ಭರವಸೆಯಿಲ್ಲ. ಆದ್ದರಿಂದ ಬ್ಯಾಟರಿಯಿಂದ ನಡೆಯುವ ನೋವಾ ವೆದರ್ ರೇಡಿಯೋ ಜೊತೆಗಿರಲಿ. ಸುಮಾರು 12 ಅಂಗುಲ ಆಳದ ಹರಿಯುವ ನೀರು ಸಣ್ಣ ಕಾರನ್ನು ಒಯ್ಯಬಲ್ಲದು. ಎರಡು ಅಡಿ ನೀರಿಗೆ ಬಹುತೇಕ ವಾಹನಗಳು ತೇಲಿ ಹೋಗುತ್ತವೆ. ನೀರು ಏರುತ್ತಿರುವುದು ಕಂಡರೆ ಕೊಂಡಿ ಬಿಚ್ಚುತ್ತಾ, ಸಾಮಾನು ಕಟ್ಟುತ್ತಾ ಕೂರದೆ ಆರ್‌ವಿಯನ್ನು ಅಲ್ಲೇ ಬಿಟ್ಟು, ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಕಾಲ್ನಡಿಗೆಯಲ್ಲಿ ಎತ್ತರದ ಜಾಗಕ್ಕೆ ಹತ್ತಬೇಕು. ವಾಹನಕ್ಕೆ ವಿಮೆಯುಂಟು, ಜೀವ ಮರಳಿ ಬಾರದು.

ತಲುಪಿದ ದಿನವೇ ಮಾಡಬೇಕಾದುದು

* ಹಗಲಿರುವಾಗಲೇ ತಲುಪಿ, ಎತ್ತರದ ಜಾಗಕ್ಕೆ ಹೋಗುವ ದಾರಿಯನ್ನು ಮನೆಮಂದಿಯೆಲ್ಲ ಒಮ್ಮೆ ನಡೆದು ನೋಡಬೇಕು.
* ವಾಹನವನ್ನು ಸಮತಟ್ಟಾಗಿ ನಿಲ್ಲಿಸಿ, ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟ ಬಳಿಕವೇ ಟ್ರೈಲರಿನ ಕೊಂಡಿ ಬಿಚ್ಚಬೇಕು.
* ಕಾರ್ಬನ್ ಮೊನಾಕ್ಸೈಡ್ ಹಾಗೂ ಹೊಗೆ ಸೂಚಕಗಳನ್ನು ಪರೀಕ್ಷಿಸಬೇಕು. ಈ ಅನಿಲಕ್ಕೆ ಬಣ್ಣ, ವಾಸನೆ ಎರಡೂ ಇಲ್ಲ. ಜನರೇಟರ್ ಹಚ್ಚಿ ಮಲಗುವುದು ಅಪಾಯಕಾರಿ.
* ದೋಣಿಕಟ್ಟೆಯಲ್ಲಿ ವಿದ್ಯುತ್ ಸಂಪರ್ಕವಿದ್ದರೆ ಅದರ ಸಮೀಪ ಈಜಬಾರದು. ನೀರಿಗೆ ಸೋರಿದ ವಿದ್ಯುತ್ತು ಕಣ್ಣಿಗೆ ಕಾಣದು.
* ಮಕ್ಕಳಿಗೆ ಲೈಫ್ ಜಾಕೆಟ್ ತೊಡಿಸಿಯೇ ನೀರಿಗೆ ಬಿಡಬೇಕು.
* ನಿವೇಶನದ ಸಂಖ್ಯೆ, ತಾಣದ ಹೆಸರು ಮತ್ತು ಕೌಂಟಿಯ ಹೆಸರನ್ನು ಬರೆದಿಟ್ಟುಕೊಳ್ಳಬೇಕು. ಹವಾಮಾನ ಎಚ್ಚರಿಕೆಗಳಲ್ಲಿ ಕೌಂಟಿಯ ಹೆಸರನ್ನು ಹೇಳುತ್ತಾರೆ. 911ಕ್ಕೆ ಕರೆ ಮಾಡಿದಾಗಲೂ ಈ ವಿವರಗಳೇ ನೆರವಾಗುತ್ತವೆ.