‘ಬಾಲಾಪರಾಧಿ’ ಎಂಬ ಪದ ಎಲ್ಲಿಗೆ ಹೋಯಿತು?



ಒಂದು ಸಣ್ಣ ಪ್ರಸಂಗವನ್ನು ಊಹಿಸಿಕೊಳ್ಳಿ. ಧಾರವಾಡದ ಪೇಟೆಯಲ್ಲಿ ಹದಿಮೂರು ವರ್ಷದ ಹುಡುಗನೊಬ್ಬ ಪಾತ್ರೆ ಅಂಗಡಿಯಿಂದ ಹಿತ್ತಾಳೆ ತಂಬಿಗೆ ಕದ್ದು ಸಿಕ್ಕಿಬಿದ್ದಿದ್ದಾನೆ. ತಂದೆ ಇಲ್ಲ, ತಾಯಿ ಕೂಲಿಗೆ ಹೋಗುತ್ತಾಳೆ. ಸುತ್ತ ನೆರೆದ ಜನ ಅವನನ್ನು ‘ಕಳ್ಳ’ ಎನ್ನುತ್ತಾರೆ. ಕಾನೂನು ಅವನನ್ನು ಏನೆಂದು ಕರೆಯುತ್ತದೆ?

ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅವನು ಯಾವ ವರ್ಷದಲ್ಲಿ ಸಿಕ್ಕಿಬಿದ್ದ ಎಂಬುದರ ಮೇಲೆ ಉತ್ತರ ನಿಂತಿದೆ. ಹೆಸರು ಬದಲಾದಂತೆ ಅವನನ್ನು ಕರೆದೊಯ್ಯುವ ಸ್ಥಳವೂ ಬದಲಾಗಿದೆ. ಅವನ ಜೊತೆಯಲ್ಲಿಯೇ ನೂರೈವತ್ತು ವರ್ಷಗಳ ಹಾದಿಯನ್ನು ನಡೆದು ನೋಡೋಣ.

ಮೊದಲು 1850. ಆ ವರ್ಷ ಬ್ರಿಟಿಷ್ ಸರ್ಕಾರ ಅಪ್ರೆಂಟಿಸ್ ಕಾಯ್ದೆಯನ್ನು ತಂದಿತು. ಹತ್ತರಿಂದ ಹದಿನೆಂಟು ವರ್ಷದೊಳಗಿನ ಮಕ್ಕಳನ್ನು ಕಸುಬು ಕಲಿಯಲು ಒಬ್ಬ ಯಜಮಾನನ ಬಳಿ ಕರಾರಿನ ಮೇಲೆ ಬಿಡಲು ಅದು ಅವಕಾಶ ಕೊಟ್ಟಿತು. ಯಾವ ಮಕ್ಕಳನ್ನು? ಅನಾಥರನ್ನು, ಹೆತ್ತವರು ತೊರೆದವರನ್ನು, ಅಲೆಮಾರಿಗಳೆನಿಸಿಕೊಂಡವರನ್ನು, ಸಣ್ಣಪುಟ್ಟ ಅಪರಾಧ ಮಾಡಿದವರನ್ನು. ತಬ್ಬಲಿ ಮಗುವೂ ತಂಬಿಗೆ ಕದ್ದ ಮಗುವೂ ಒಂದೇ ಸಾಲಿನಲ್ಲಿ ನಿಂತಿದ್ದನ್ನು ಗಮನಿಸಿ. ಬಡತನ ಮತ್ತು ಅಪರಾಧಗಳ ನಡುವೆ ಕಾನೂನು ಆಗ ಸ್ಪಷ್ಟವಾದ ಗೆರೆಯನ್ನೇ ಎಳೆದಿರಲಿಲ್ಲ.

1860ರ ಭಾರತೀಯ ದಂಡ ಸಂಹಿತೆ ವಯಸ್ಸಿನ ಗೆರೆಯನ್ನು ಎಳೆಯಿತು. ಏಳು ವರ್ಷದೊಳಗಿನ ಮಗುವಿನ ಯಾವ ಕೃತ್ಯವೂ ಅಪರಾಧವಲ್ಲ. ಏಳರಿಂದ ಹನ್ನೆರಡರೊಳಗಿನ ಮಗುವಿಗೆ ತಾನು ಮಾಡಿದ್ದೇನೆಂದು ತಿಳಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಅದೂ ಅಪರಾಧವಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ಎರಡು ಗೆರೆಗಳನ್ನು ಹಾಗೆಯೇ ಉಳಿಸಿಕೊಂಡಿದೆ. ಆದರೆ ನಮ್ಮ ಹುಡುಗನಿಗೆ ಹದಿಮೂರು. ಎರಡು ಗೆರೆಗಳೂ ಅವನನ್ನು ಕಾಯಲಿಲ್ಲ.

1876ರಲ್ಲಿ ಬಂದು 1897ರಲ್ಲಿ ಪರಿಷ್ಕೃತವಾದ ಸುಧಾರಣಾ ಶಾಲೆಗಳ ಕಾಯ್ದೆ ಇನ್ನೊಂದು ಬಾಗಿಲನ್ನು ತೆರೆಯಿತು. ಶಿಕ್ಷೆಗೆ ಗುರಿಯಾದ, ಹದಿನೈದು ವರ್ಷದೊಳಗಿನ ಹುಡುಗನನ್ನು ಜೈಲಿನ ಬದಲು ಮೂರರಿಂದ ಏಳು ವರ್ಷ ಸುಧಾರಣಾ ಶಾಲೆಯಲ್ಲಿ ಇಡಬಹುದಾಗಿತ್ತು. ಅವನ ಹೆಸರು ಈಗ ‘ಎಳೆಯ ಅಪರಾಧಿ’. ‘ಎಳೆಯ’ ಎಂಬ ಮಾತು ಸೇರಿತು, ‘ಅಪರಾಧಿ’ ಎಂಬುದು ಹೋಗಲಿಲ್ಲ. 1897ರ ಕಾಯ್ದೆಯ ಈ ವ್ಯಾಖ್ಯೆಯಲ್ಲಿ ಹೆಣ್ಣುಮಕ್ಕಳ ಮಾತೇ ಇರಲಿಲ್ಲ.

1919-20ರ ಭಾರತೀಯ ಕಾರಾಗೃಹ ಸಮಿತಿ ಮಕ್ಕಳ ವಿಚಾರಣೆ ದೊಡ್ಡವರ ವಿಚಾರಣೆಯಿಂದ ಬೇರೆಯಾಗಿರಬೇಕೆಂದು ಹೇಳಿತು. ಮಕ್ಕಳ ಕಾಯ್ದೆಗಳು ಮದರಾಸಿನಲ್ಲಿ 1920ರಲ್ಲಿ, ಬಂಗಾಳದಲ್ಲಿ 1922ರಲ್ಲಿ, ಮುಂಬಯಿಯಲ್ಲಿ 1924ರಲ್ಲಿ ಬಂದವು. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೂ, ಮಂಗಳೂರು ಮದರಾಸು ಪ್ರಾಂತಕ್ಕೂ ಸೇರಿದ್ದವು. ಏಕೀಕರಣದ ನಂತರ ನಮ್ಮ ರಾಜ್ಯ 1964ರಲ್ಲಿ ತನ್ನದೇ ಮಕ್ಕಳ ಕಾಯ್ದೆಯನ್ನು ಮಾಡಿಕೊಂಡಿತು. ಹೀಗೆ ಪ್ರಾಂತಕ್ಕೊಂದು ಕಾನೂನು. ಹುಡುಗ ಯಾವ ಊರಿನಲ್ಲಿ ಸಿಕ್ಕಿಬಿದ್ದ ಎಂಬುದರ ಮೇಲೂ ಅವನ ಹಣೆಬರಹ ನಿಂತಿತ್ತು.

ಸ್ವಾತಂತ್ರ್ಯದ ನಂತರವೂ ಸಾವಿರಾರು ಮಕ್ಕಳು ದೊಡ್ಡವರ ಜೈಲುಗಳಲ್ಲಿಯೇ ಇದ್ದರು. ಪತ್ರಕರ್ತೆ ಶೀಲಾ ಬರ್ಸೆ ಇದನ್ನು ಸುಪ್ರೀಂ ಕೋರ್ಟಿನ ಮುಂದೆ ಇಟ್ಟರು. ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬೇಕೆಂದು 1986ರಲ್ಲಿ ನ್ಯಾಯಾಲಯ ಹೇಳಿತು. ಅದೇ ವರ್ಷ ಸಂಸತ್ತು ಬಾಲನ್ಯಾಯ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ ಎರಡು ಹೆಸರುಗಳಿದ್ದವು. ಮನೆಯಿಲ್ಲದ, ಭಿಕ್ಷೆ ಬೇಡುವ ಮಗು ‘ನಿರ್ಲಕ್ಷಿತ ಬಾಲಕ’. ತಪ್ಪು ಮಾಡಿದ ಮಗು ‘ಬಾಲಾಪರಾಧಿ’. ಮೊದಲನೆಯದಕ್ಕೆ ಕಲ್ಯಾಣ ಮಂಡಳಿ, ಎರಡನೆಯದಕ್ಕೆ ಬಾಲ ನ್ಯಾಯಾಲಯ. 1850ರಲ್ಲಿ ಒಂದಾಗಿದ್ದ ಸಾಲು ಕೊನೆಗೂ ಎರಡಾಯಿತು.

ಆದರೂ ಕೊರತೆಗಳಿದ್ದವು. ಕಾಯ್ದೆಯ ರಕ್ಷಣೆ ಹುಡುಗರಿಗೆ ಹದಿನಾರರವರೆಗೆ, ಹುಡುಗಿಯರಿಗೆ ಹದಿನೆಂಟರವರೆಗೆ ಮಾತ್ರ. ಮೇಲಾಗಿ, ನಮ್ಮ ಹುಡುಗನ ಬಗ್ಗೆ ಯೋಚಿಸಿ. ತಾಯಿ ದಿನವಿಡೀ ಕೂಲಿಯಲ್ಲಿ, ಇವನು ಬೀದಿಯಲ್ಲಿ. ಇವನು ನಿರ್ಲಕ್ಷಿತನೋ ಅಪರಾಧಿಯೋ? ಎರಡೂ ಅಲ್ಲವೇ? ಒಂದು ಹೆಸರು ಅಂಟಿದ ಕೂಡಲೇ ಇನ್ನೊಂದು ಸತ್ಯ ಮರೆಯಾಗುತ್ತಿತ್ತು.

1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. 1992ರ ಡಿಸೆಂಬರಿನಲ್ಲಿ ಭಾರತ ಅದಕ್ಕೆ ಒಪ್ಪಿಗೆಯಿತ್ತಿತು. ಅದರ ಫಲವಾಗಿ ಬಂದ 2000ದ ಕಾಯ್ದೆಯಲ್ಲಿ ‘ಬಾಲಾಪರಾಧಿ’ ಪದವೇ ಇಲ್ಲ. ಬದಲಾಗಿ ‘ಕಾನೂನಿನೊಡನೆ ಸಂಘರ್ಷಕ್ಕೊಳಗಾದ’ ಬಾಲಕ, ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ’ ಮಗು ಎಂಬ ಮಾತುಗಳು ಬಂದವು. ಹಳೆಯ ಪದ ಮಗುವಿನ ಸ್ವಭಾವವನ್ನೇ ತೀರ್ಮಾನಿಸುತ್ತಿತ್ತು. ಹೊಸ ಮಾತು ಅದರ ಪರಿಸ್ಥಿತಿಯನ್ನು ಹೇಳುತ್ತದೆ. ಸ್ವಭಾವ ಹುಟ್ಟುಗುಣ ಎನಿಸಿಕೊಳ್ಳುತ್ತದೆ, ಪರಿಸ್ಥಿತಿಯನ್ನು ಬದಲಿಸಬಹುದು. ಹುಡುಗ ಹುಡುಗಿ ಇಬ್ಬರಿಗೂ ವಯಸ್ಸಿನ ಮಿತಿ ಹದಿನೆಂಟಾಯಿತು.

2015ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಮಗುವಿಗೆ ಸಂಬಂಧಿಸಿದ ಪ್ರಕ್ರಿಯೆಯಲ್ಲಿ ಆರೋಪಿಸುವಂಥ ಪದಗಳನ್ನೇ ಬಳಸಬಾರದೆಂದು ಬರೆದಿಟ್ಟಿತು. ಮಗುವಿನ ಗುರುತನ್ನು ಪತ್ರಿಕೆ, ದೂರದರ್ಶನಗಳು ಬಹಿರಂಗಪಡಿಸುವುದನ್ನೂ ನಿಷೇಧಿಸಿತು. ಆದರೆ ಅದೇ ಕಾಯ್ದೆ, ಹದಿನಾರರಿಂದ ಹದಿನೆಂಟರೊಳಗಿನವರ ಮೇಲೆ ಘೋರ ಅಪರಾಧದ ಆರೋಪವಿದ್ದಾಗ ಅವರ ಮಾನಸಿಕ, ದೈಹಿಕ ಸಾಮರ್ಥ್ಯವನ್ನು ಪರಿಶೀಲಿಸಿ ದೊಡ್ಡವರಂತೆ ವಿಚಾರಣೆಗೆ ಒಳಪಡಿಸುವ ದಾರಿಯನ್ನೂ ತೆರೆಯಿತು. 2012ರ ದೆಹಲಿಯ ಪ್ರಕರಣದ ನಂತರದ ಜನಾಕ್ರೋಶ ಇದರ ಹಿನ್ನೆಲೆ. ಇದು ಸರಿಯೇ ಎಂಬ ಚರ್ಚೆ ಮುಗಿದಿಲ್ಲ.

ಇನ್ನೊಂದು ಪ್ರಶ್ನೆ. ಆ ಹುಡುಗ ಮಾದಕ ವಸ್ತುವಿನ ಚಟಕ್ಕೆ ಬಿದ್ದಿದ್ದರೆ, ಅಥವಾ ಅವನ ಮನಸ್ಸಿಗೇ ಕಾಯಿಲೆ ಇದ್ದರೆ? ಇಲ್ಲಿಯೂ ಪದಗಳದ್ದೇ ಕಥೆ. 1912ರ ಕಾಯ್ದೆ ರೋಗಿಯನ್ನು ‘ಲ್ಯುನಾಟಿಕ್’ ಎಂದು ಕರೆಯುತ್ತಿತ್ತು. ಚಂದ್ರನ ಪ್ರಭಾವದಿಂದ ಬುದ್ಧಿ ಕೆಡುತ್ತದೆಂಬ ಹಳೆಯ ನಂಬಿಕೆಯಿಂದ ಹುಟ್ಟಿದ ಪದವಿದು. 1987ರ ಕಾಯ್ದೆಯಲ್ಲಿ ಅವನು ‘ಮಾನಸಿಕ ಅಸ್ವಸ್ಥ’. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ‘ಮಾನಸಿಕ ಅಸ್ವಸ್ಥತೆ ಇರುವ ವ್ಯಕ್ತಿ’. ಕಾಯಿಲೆ ಹಿಂದೆ ಸರಿಯಿತು, ವ್ಯಕ್ತಿ ಮುಂದೆ ಬಂದ. ಬೆಂಗಳೂರಿನ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎನಿಸಿಕೊಂಡು, 1974ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ಭಾಗವಾದದ್ದೂ ಇದೇ ಹಾದಿಯ ಗುರುತು. ಹದಿನೆಂಟರೊಳಗಿನವರನ್ನು ಆಸ್ಪತ್ರೆಗೆ ಸೇರಿಸಿಕೊಂಡರೆ ದೊಡ್ಡವರಿಂದ ಪ್ರತ್ಯೇಕವಾಗಿ ಇಡಬೇಕು, ಪೋಷಕರೊಬ್ಬರು ಜೊತೆಗಿರಬೇಕು ಎಂದು 2017ರ ಕಾಯ್ದೆ ಹೇಳುತ್ತದೆ.

ಈಗ ಪೇಟೆಗೆ ಮರಳೋಣ. ಇಂದು ಆ ಹುಡುಗ ಸಿಕ್ಕಿಬಿದ್ದರೆ ಅವನನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು ಇರುವ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಬುದ್ಧಿ ಹೇಳಿ ಮನೆಗೆ ಕಳುಹಿಸುವುದು, ಆಪ್ತಸಲಹೆ, ಶಾಲೆ, ವ್ಯಸನಮುಕ್ತಿ ಚಿಕಿತ್ಸೆ ಇವೆಲ್ಲ ಮಂಡಳಿಯ ಕೈಯಲ್ಲಿರುವ ದಾರಿಗಳು.

ಪದ ಬದಲಾದ ಮಾತ್ರಕ್ಕೆ ಎಲ್ಲವೂ ಬದಲಾಗದು. ಹೊಸ ಫಲಕದ ಹಿಂದೆ ಹಳೆಯ ಬೀಗವೂ ಇರಬಹುದು. ಆದರೆ ಹಳೆಯ ಪದ ಇರುವವರೆಗೆ ಹೊಸ ಬಾಗಿಲು ತೆರೆಯುವುದೂ ಕಷ್ಟ. ಕಾನೂನಿಗೆ ‘ಕಳ್ಳ’ ಎಂಬ ಪದವನ್ನು ಬಿಡಲು ನೂರೈವತ್ತು ವರ್ಷ ಹಿಡಿಯಿತು. ಪೇಟೆಯಲ್ಲಿ ನೆರೆದ ಜನ ಇನ್ನೂ ಬಿಟ್ಟಿಲ್ಲ. ಆ ಗುಂಪಿನಲ್ಲಿ ನಾಳೆ ನೀವೂ ನಿಂತಿರಬಹುದು. ಆಗ ನಿಮ್ಮ ಬಾಯಿಂದ ಯಾವ ಪದ ಬರುತ್ತದೆ?